ಕಾಯಿಸಿದರೆ ಹಾಲಿನಲ್ಲಿರುವ ಮದ್ದು ಹೋಗುವುದೇ?

ಪ್ರಶ್ನೆ: ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಡಿಸಿದ ಹಸುವಿನ ಹಾಲನ್ನು ಚೆನ್ನಾಗಿ ಕಾಯಿಸಿ ಬಳಸಬಹುದೇ?

ಉತ್ತರ: ಬೇಡ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಪೆನಿಸಿಲಿನ್‌ನಂಥ ಔಷಧಿ ಅಷ್ಟಕ್ಕೆ ಪೂರ್ತಿ ನಾಶವಾಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾದರೂ ಮೊಸರು ಗಟ್ಟಿಯಾಗದೆ ನೀರುನೀರಾಗಿ ಉಳಿಯುವುದುಂಟು. ಹಾಲಿನಲ್ಲುಳಿದ ಮದ್ದು ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗಂತೂ ಅದು ಅಪಾಯ.

ಒಂದೇ ಮೊಲೆಗೆ ಔಷಧಿಯ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಬೇಕು, ಏಕೆಂದರೆ ಔಷಧಿ ರಕ್ತದ ಮೂಲಕ ಉಳಿದವಕ್ಕೂ ಸೇರುತ್ತದೆ. ಎಷ್ಟು ದಿನ ಎಂಬುದು ಔಷಧಿಯ ಮೇಲೆ ನಿಂತಿದೆ. ಲೇಬಲ್ ನೋಡಿ, ಪಶುವೈದ್ಯರನ್ನು ಕೇಳಿ. ಆ ಹಾಲನ್ನು ಕರುವಿಗೂ ಕುಡಿಸಬೇಡಿ. ಅಲ್ಪ ಪ್ರಮಾಣದ ಮದ್ದು ಕರುವಿನ ಕರುಳಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ.

ಬ್ಯಾಕ್ಟೀರಿಯಾಗಳು ಹೀಗೆ ಔಷಧಿಗೆ ಬಗ್ಗದಂತಾಗುವ ಭಯದಿಂದಲೇ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗಾಗಿ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ತಯಾರಿಸುವುದನ್ನು, ಮಾರುವುದನ್ನು ನಿಷೇಧಿಸಿತು. ಬೇರಾವ ಔಷಧಿಯೂ ನಾಟದ ಐಸಿಯು ರೋಗಿಗೆ ಉಳಿಯುವ ಕೊನೆಯ ಮದ್ದುಗಳಲ್ಲಿ ಅದೊಂದು. ಕೋಳಿ ಬೇಗ ತೂಕ ಬರಲೆಂದು ಮೇವಿಗೆ ಬೆರೆಸುವಂಥದ್ದಲ್ಲ. ಇನ್ನು, ಮದ್ದು ಸೇರಿದ ಹಾಲನ್ನು ಚೆಲ್ಲುವ ನಷ್ಟ ರೈತನೊಬ್ಬನ ತಲೆಯ ಮೇಲೇ ಬೀಳುತ್ತಿರುವುದು ಮಾತ್ರ ನ್ಯಾಯವಲ್ಲ. ಡೇರಿಗಳೂ ಅದರಲ್ಲಿ ಪಾಲು ಹೊರಬೇಕು.