ಹಳೆ ಟ್ರಾಕ್ಟರಿನ ರಸಮೇವು

ಹಸಿರು ಮೇವನ್ನು ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಒತ್ತಿ, ಮುಚ್ಚಿಟ್ಟು ಹುಳಿ ಬರಿಸಿ ತಿಂಗಳುಗಟ್ಟಲೆ ಕಾಪಾಡಿದರೆ ಅದು ರಸಮೇವು. ಡೇರಿಗೆ ಹಾಲು ಹಾಕುವ ರೈತರ ಬಾಯಲ್ಲಿ ಅದು ಸೈಲೇಜ್. ಮೆದೆಯಲ್ಲಿ ಒಣಹುಲ್ಲು ಕೆಡದಿರುವುದು ಅದರಲ್ಲಿ ನೀರಿಲ್ಲದ ಕಾರಣಕ್ಕೆ. ಗುಂಡಿಯಲ್ಲಿ ರಸಮೇವು ಕೆಡದಿರುವುದು ಗಾಳಿಯಿಲ್ಲದ ಕಾರಣಕ್ಕೆ. ಕತ್ತರಿಸಿದ ದಂಟು ಕೂಡಲೇ ಸಾಯುವುದಿಲ್ಲ. ಸುತ್ತ ಗಾಳಿ ಇರುವಷ್ಟು ಹೊತ್ತು ಅದು ಉಸಿರಾಡುತ್ತಲೇ ಇರುತ್ತದೆ, ತನ್ನ ಸಕ್ಕರೆಯನ್ನೇ ಉರಿಸಿ ಬಿಸಿಯೇರುತ್ತದೆ. ಗಾಳಿ ಮುಗಿದ ಮೇಲೆ ಮೊಸರಿಗೆ ಹುಳಿ ಕೊಡುವ ಬಳಗದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದಾಗ ಕೊಳೆಸುವ ಜೀವಿಗಳು ತಲೆಯೆತ್ತಲಾರವು. ಮೇವು ಅಲ್ಲಿಗೆ ನೆಲೆಗೊಳ್ಳುತ್ತದೆ.

ಫ್ರಾನ್ಸಿನ ಒಗುಸ್ತ್ ಗೋಫಾರ್ 1877ರಲ್ಲಿ ಮುಸುಕಿನ ಜೋಳದ ರಸಮೇವಿನ ಬಗ್ಗೆ ಪುಸ್ತಕ ಪ್ರಕಟಿಸಿದ ಮೇಲೆ ಈ ವಿದ್ಯೆ ಯುರೋಪು, ಅಮೆರಿಕಗಳಲ್ಲಿ ಬೇಗ ಹರಡಿತು. ಹಸಿಮೇವನ್ನು ಆಮ್ಲದಿಂದ ಕಾಪಾಡುವ ವಿಧಾನ ರೂಪಿಸಿದ ಫಿನ್ಲೆಂಡಿನ ವಿಜ್ಞಾನಿ ಎ. ಐ. ವಿರ್ಟಾನೆನ್ ಅವರಿಗೆ 1945ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹಸುವಿನ ಮೇವಿನ ಕೆಲಸಕ್ಕೆ ಸಂದ ಈ ಗೌರವವನ್ನು ಕೃಷಿಕರ ಮಕ್ಕಳು ಶಾಲೆಯಲ್ಲೇ ಓದುವಂತಾಗಬೇಕು.

ಮಂಡ್ಯ, ಹಾಸನ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎರಡು–ಮೂರು ಸೀಮೆಹಸು ಕಟ್ಟಿಕೊಂಡು ಬದುಕುವ ಮನೆಗಳು ಸಾವಿರಾರು. ಮಳೆಗಾಲದಲ್ಲಿ ಬದುವಿನ ಹುಲ್ಲೂ ಸಾಲುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಹಸಿರು ಮಾಯವಾಗಿ, ರಾಗಿ ಹುಲ್ಲು ಮತ್ತು ಹಿಂಡಿ–ಬೂಸದ ಮೇಲೆ ಹಸು ನಿಲ್ಲಬೇಕಾಗುತ್ತದೆ. ಹಾಲು ಇಳಿಯುತ್ತದೆ, ಹಿಂಡಿಯ ಖರ್ಚು ಏರುತ್ತದೆ. ರಸಮೇವು ಬೇಕಾಗಿರುವುದು ಈ ಮನೆಗಳಿಗೇ. ಆದರೆ ಹೊಲದಲ್ಲೇ ಕೊಯ್ದು ಕತ್ತರಿಸುವ ದೊಡ್ಡ ಯಂತ್ರಗಳ ಚಿತ್ರ ನೋಡಿದವರಿಗೆ ಇದು ಸಾಹುಕಾರರ ಕೆಲಸ ಎನಿಸುವುದುಂಟು. ಹಾಗೆ ಎದೆಗುಂದಬೇಕಿಲ್ಲ. ಊರಲ್ಲಿರುವ ಹಳೆಯ ಟ್ರಾಕ್ಟರ್, ಒಂದು ಮೇವು ಕತ್ತರಿಸುವ ಯಂತ್ರ, ನಾಲ್ಕು ಮಂದಿ ಮುಯ್ಯಾಳು ಸೇರಿದರೆ ಒಳ್ಳೆಯ ರಸಮೇವು ಆಗುತ್ತದೆ. ಕತ್ತರಿಸುವ ವೇಗಕ್ಕೂ ತುಳಿಯುವ ಭಾರಕ್ಕೂ ತಾಳಮೇಳ ಇರಬೇಕು, ಅಷ್ಟೆ.

ಬೆಳೆಯ ಆಯ್ಕೆ ಸುಲಭ. ಆಫ್ರಿಕನ್ ಟಾಲ್ ತಳಿಯ ಮುಸುಕಿನ ಜೋಳ ಎಲ್ಲಕ್ಕಿಂತ ಒಳ್ಳೆಯದು. ಅದರ ಸಕ್ಕರೆಯೇ ಹುಳಿ ಬರಿಸಲು ಸಾಕು. ಬಿತ್ತಿದ 80–90 ದಿನಕ್ಕೆ ತೆನೆ ಮುರಿದು ಕಾಳನ್ನು ನೋಡಬೇಕು. ಕಾಳು ನೆತ್ತಿಯಿಂದ ಬುಡದ ಕಡೆಗೆ ಗಟ್ಟಿಯಾಗುತ್ತಾ ಬರುತ್ತದೆ. ಗಟ್ಟಿ ಭಾಗಕ್ಕೂ ಹಾಲಿನ ಭಾಗಕ್ಕೂ ನಡುವಿನ ಗೆರೆ ಅರ್ಧ ದಾಟಿದ್ದರೆ ಕೊಯ್ಲಿಗೆ ಹದ ಬಂತೆಂದು ಅರ್ಥ. ಆಗ ಬೆಳೆಯಲ್ಲಿ ಒಣಪದಾರ್ಥ ಶೇ. 30–35ರಷ್ಟಿರುತ್ತದೆ. ಕತ್ತರಿಸಿದ ಮೇವನ್ನು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ ಕೈ ಬಿಚ್ಚಿದರೆ ಇದು ಕಣ್ಣಿಗೇ ಕಾಣುತ್ತದೆ. ಬೆರಳ ಸಂದಿನಲ್ಲಿ ರಸ ತೊಟ್ಟಿಕ್ಕಿದರೆ ಇನ್ನೂ ಎಳಸು. ಉಂಡೆ ಕೂಡಲೇ ಉದುರಿದರೆ ಒಣಗಿ ಹೋಗಿದೆ. ಅಂಗೈ ತೇವವಾಗಿ, ಉಂಡೆ ನಿಧಾನವಾಗಿ ಬಿರಿದರೆ ಸರಿಯಾದ ಹದ. ನೇಪಿಯರ್ ಹುಲ್ಲಿನಲ್ಲಿ ನೀರು ಹೆಚ್ಚು, ಸಕ್ಕರೆ ಕಡಿಮೆ. ಅದನ್ನು ಅರ್ಧ ದಿನ ಬಾಡಿಸಿ, ಬೆಲ್ಲದ ನೀರು ಚಿಮುಕಿಸಿ ತುಂಬಬೇಕು.

ಇನ್ನು ಟ್ರಾಕ್ಟರು. ದಕ್ಷಿಣದ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಟ್ರಾಕ್ಟರುಗಳಲ್ಲಿ ಕೆಂಪು ಬಣ್ಣದ ಮ್ಯಾಸಿ ಫರ್ಗುಸನ್ 1035 ಎಲ್ಲರಿಗೂ ಪರಿಚಿತ. ಚೆನ್ನೈಯಲ್ಲಿ 1960ರಲ್ಲಿ ಆರಂಭವಾದ ಟಾಫೆ ಕಂಪನಿಯ ಗಾಡಿ ಇದು. ದೊಡ್ಡಬಳ್ಳಾಪುರದಲ್ಲೂ ಟಾಫೆಗೆ ಕಾರ್ಖಾನೆಯಿದೆ. 35 ಎಚ್‌ಪಿ ಆಸುಪಾಸಿನ ಶಕ್ತಿ, 1,700 ಕಿಲೋ ಆಸುಪಾಸಿನ ತೂಕ. ಉಳುಮೆಗೆ ಹೊಸ ಗಾಡಿ ಬಂದ ಮೇಲೆ ಇಂಥವು ಟ್ರೈಲರ್ ಎಳೆಯಲು, ನೀರಿನ ಟ್ಯಾಂಕರಿಗೆ ಉಳಿದುಕೊಂಡಿವೆ. ಮೇವು ಕತ್ತರಿಸಲು ಬೇಕಾದುದು ಹಿಂಬದಿಯ ಪಿಟಿಒ ದಂಡ, ಅಂದರೆ ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುದಂಡ. ಅದು ನಿಮಿಷಕ್ಕೆ 540 ಸುತ್ತು ತಿರುಗುವಂತೆ ಆಕ್ಸಿಲರೇಟರ್ ಸನ್ನೆಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಬೇಕು. ಡೀಸೆಲ್ ಉಳಿಸಲು ವೇಗ ಇಳಿಸಿದರೆ ಕತ್ತರಿಸಿದ ಮೇವನ್ನು ಎಸೆಯುವ ಕೊಳವೆ ಕಟ್ಟಿಕೊಳ್ಳುತ್ತದೆ.

ಒಂದೇ ಕ್ಲಚ್ಚಿನ ಗಾಡಿಗಳಲ್ಲಿ ಪೆಡಲು ಒತ್ತಿದರೆ ಚಕ್ರದ ಜೊತೆಗೆ ಪಿಟಿಒ ಕೂಡ ನಿಲ್ಲುತ್ತದೆ. ಹೊಲದಲ್ಲಿ ಚಲಿಸುತ್ತಾ ಕೊಯ್ಯುವ ಯಂತ್ರಕ್ಕೆ ಇದು ದೊಡ್ಡ ತೊಡಕು: ದಟ್ಟ ಬೆಳೆ ಸಿಕ್ಕಿ ಗಾಡಿ ನಿಲ್ಲಿಸಿದರೆ ಬ್ಲೇಡೂ ನಿಂತು, ಬಾಯಿಗೆ ಬಂದ ದಂಟು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗುಂಡಿಯ ಪಕ್ಕ ಒಂದೇ ಕಡೆ ನಿಂತು ಕತ್ತರಿಸುವ ಕೆಲಸಕ್ಕೆ ಈ ತೊಡಕಿಲ್ಲ. ಆದ್ದರಿಂದ ಕುಡುಗೋಲಿನಲ್ಲಿ ಕೊಯ್ದು, ಟ್ರೈಲರಿನಲ್ಲಿ ತಂದು, ಗುಂಡಿಯ ಬಳಿ ಕತ್ತರಿಸುವ ಕ್ರಮವೇ ಹಳೆ ಗಾಡಿಗೆ ಸೈ.

ಕತ್ತರಿಸುವ ಯಂತ್ರದಲ್ಲಿ ನೋಡಬೇಕಾದ ಜಾಗ ಒಂದೇ: ತಿರುಗುವ ಬ್ಲೇಡಿಗೂ ಅಲುಗದ ಅಡಿಪಟ್ಟಿಗೂ ನಡುವಿನ ಸಂದು. ಅದು ಕಾಗದ ತೂರುವಷ್ಟೇ ಇರಬೇಕು. ಸಂದು ಹೆಚ್ಚಾದರೆ, ಬ್ಲೇಡು ಮೊಂಡಾದರೆ ಎಲೆ ಕತ್ತರಿಸದೆ ಜಗ್ಗಿ ಹರಿಯುತ್ತದೆ; ಉದ್ದುದ್ದ ನಾರು ಹೊರಬರುತ್ತದೆ; ಎಂಜಿನ್ ಹೊಗೆಯುಗುಳುತ್ತದೆ. ಟ್ರಾಕ್ಟರಿಗೆ ಶಕ್ತಿ ಸಾಲದು ಎಂದು ಬೈಯುವ ಮುನ್ನ ಬ್ಲೇಡಿಗೆ ಸಾಣೆ ಹಿಡಿಯಬೇಕು. ತುಂಡಿನ ಉದ್ದ ಒಂದರಿಂದ ಎರಡು ಸೆಂಟಿಮೀಟರ್ ಇದ್ದರೆ ಮೇವು ಚೆನ್ನಾಗಿ ಕೂರುತ್ತದೆ. ತುಂಡು ಉದ್ದವಾದಷ್ಟೂ ನಡುವೆ ಗಾಳಿ ಉಳಿಯುತ್ತದೆ, ಹಸುವೂ ದಂಟನ್ನು ಆಯ್ದು ಬಿಡುತ್ತದೆ.

ಗುಂಡಿಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಚೆನ್ನಾಗಿ ತುಳಿದ ರಸಮೇವು ಘನ ಮೀಟರಿಗೆ 600 ಕಿಲೋ ತೂಗುತ್ತದೆ. ದಿನಕ್ಕೆ 20 ಕಿಲೋದಂತೆ ನಾಲ್ಕು ತಿಂಗಳಿಗೆ ಒಂದು ಹಸುವಿಗೆ 2,400 ಕಿಲೋ ಬೇಕು, ಅಂದರೆ 4 ಘನ ಮೀಟರ್. ಟ್ರಾಕ್ಟರ್ ಹತ್ತಿಸಿ ತುಳಿಯಬೇಕಾದರೆ ಗುಂಡಿ ಗಾಡಿಗಿಂತ ಅಗಲವಿರಬೇಕು, ಎರಡು ತುದಿ ತೆರೆದಿರಬೇಕು. ಒಂದೆರಡು ಹಸುವಿನವರಿಗೆ ಅಷ್ಟು ದೊಡ್ಡದು ಬೇಡ. ಅವರು ಒಳಪದರವಿರುವ ದಪ್ಪ ಚೀಲಗಳಲ್ಲಿ ಕಾಲಿನಿಂದ ತುಳಿದು ತುಂಬಬಹುದು. ನಾಲ್ಕೈದು ಮನೆಯವರು ಕೂಡಿ ಒಂದು ಗುಂಡಿ ಮಾಡಿಕೊಂಡರೆ ಇನ್ನೂ ಮೇಲು.

ತುಳಿಯುವುದೇ ಈ ಕೆಲಸದ ತಿರುಳು. ಗಂಟೆಗೆ ಒಂದು ಟನ್ ಮೇವು ಗುಂಡಿಗೆ ಬೀಳುತ್ತಿದ್ದರೆ ಅದನ್ನು ತುಳಿಯಲು ಸುಮಾರು 400 ಕಿಲೋ ತೂಕದ ಗಾಡಿ ಬೇಕು ಎಂಬುದು ಜಗತ್ತಿನ ಡೇರಿಗಳಲ್ಲೆಲ್ಲ ಬಳಕೆಯಲ್ಲಿರುವ ಅಂದಾಜು. ಹಾಗಾದರೆ 1,700 ಕಿಲೋದ ಹಳೆ ಗಾಡಿ ಗಂಟೆಗೆ ನಾಲ್ಕು ಟನ್ನಿಗಿಂತ ಸ್ವಲ್ಪ ಹೆಚ್ಚು ತುಳಿಯಬಲ್ಲದು. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಟೈರಿನ ಅಳತೆಗೆ ತಕ್ಕಂತೆ ಒಂದೊಂದಕ್ಕೆ 150ರಿಂದ 200 ಕಿಲೋ ಭಾರ ಸೇರುತ್ತದೆ, ಆಗ ಗಾಡಿ ಗಂಟೆಗೆ ಐದು ಟನ್ನಿಗೂ ತಾಳಿಕೊಳ್ಳುತ್ತದೆ. ಹಳ್ಳಿಯ ಸಾಧಾರಣ ಕತ್ತರಿಸುವ ಯಂತ್ರದ ವೇಗಕ್ಕೆ ಇದು ಹೊಂದುತ್ತದೆ. ಹೊಲದಲ್ಲಿ ಕೊಯ್ಯುವ ಭಾರಿ ಯಂತ್ರ ಬಾಡಿಗೆಗೆ ತಂದವರು ಎಡವುವುದು ಇಲ್ಲೇ. ಮೇವು ರಾಶಿ ರಾಶಿ ಬಂದು ಬೀಳುತ್ತದೆ, ತುಳಿಯುವ ಗಾಡಿ ಹಿಂದೆ ಬೀಳುತ್ತದೆ, ಒಳಗೆ ಗಾಳಿ ಉಳಿದು ಮೇವು ಕಪ್ಪಗಾಗುತ್ತದೆ. ನಿಧಾನದ ಯಂತ್ರ ಇದ್ದವರಿಗೆ ಈ ಗಂಡಾಂತರವಿಲ್ಲ.

ಮೇವನ್ನು ಒಂದು ಗೇಣಿಗಿಂತ ದಪ್ಪ ಹರಡಬಾರದು. 15 ಸೆಂಟಿಮೀಟರ್ ಸಾಕು. ಗದ್ದೆಯ ಕೇಜ್ ವೀಲ್ ಬಿಚ್ಚಿ, ಟೈರಿಗೆ ಹತ್ತಿದ ಮಣ್ಣು–ಸಗಣಿ ತೊಳೆದು ಏರಬೇಕು. ಮಣ್ಣಿನೊಡನೆ ಬರುವ ಬ್ಯಾಕ್ಟೀರಿಯಾಗಳು ರಸಮೇವಿಗೆ ಕೊಳೆತ ಬೆಣ್ಣೆಯ ನಾತ ಹತ್ತಿಸುತ್ತವೆ. ಮೊದಲ ಗೇರಿನಲ್ಲಿ ನಿಧಾನವಾಗಿ, ಟೈರಿನ ಅಚ್ಚಿನ ಪಕ್ಕಕ್ಕೆ ಅಚ್ಚು ಬೀಳುವಂತೆ ಓಡಿಸಬೇಕು. ಹಳೆ ಗಾಡಿಯ ಕಿರಿದಾದ ಟೈರಿಗೆ ಇಲ್ಲಿ ಒಂದು ಅನುಕೂಲ: ಅಷ್ಟೇ ತೂಕ ಕಡಿಮೆ ಜಾಗದ ಮೇಲೆ ಬೀಳುವುದರಿಂದ ಮೇವು ಗಟ್ಟಿಯಾಗಿ ಕೂರುತ್ತದೆ. ಗೋಡೆಯಂಚು, ಮೂಲೆಗಳಿಗೆ ಚಕ್ರ ಹೋಗದು. ಅಲ್ಲಿ ಕಾಲಿನಿಂದಲೇ ತುಳಿಯಬೇಕು. ಮನೆಯಲ್ಲಿ ಒಂದೇ ಟ್ರಾಕ್ಟರ್ ಇದ್ದರೆ ಅದನ್ನು ತುಳಿಯಲು ಬಿಟ್ಟು, ಕತ್ತರಿಸುವುದನ್ನು ಕರೆಂಟಿನ ಮೋಟಾರಿಗೆ ಒಪ್ಪಿಸುವುದು ಜಾಣತನ. ಕತ್ತರಿಸುವ ಕೆಲಸ ಮೋಟಾರಿನಿಂದಲೂ ಆಗುತ್ತದೆ, ಭಾರ ಹಾಕಿ ತುಳಿಯುವ ಕೆಲಸ ಆಗದು.

ಹಳೆ ಗಾಡಿಯಲ್ಲಿ ಅಪಾಯವೂ ಇದೆ, ಅದನ್ನು ಮರೆಮಾಚಬಾರದು. ಗಾಡಿ ಉರುಳಿದಾಗ ಚಾಲಕನನ್ನು ಕಾಯುವ ಚೌಕಟ್ಟು ಹೆಚ್ಚಿನವಕ್ಕೆ ಇರುವುದಿಲ್ಲ. ರಾಶಿಯ ಇಳಿಜಾರು ಮೂರು ಅಡಿಗೆ ಒಂದು ಅಡಿಗಿಂತ ಕಡಿದಾಗಬಾರದು. ಹಿಂದಿನ ಚಕ್ರ ಎಳೆಯುವ ಗಾಡಿಯನ್ನು ರಿವರ್ಸಿನಲ್ಲಿ ಹತ್ತಿಸಿ, ಮುಂದಕ್ಕೆ ಇಳಿಸುವುದು ಕ್ಷೇಮ. ಮೂತಿ ಮೇಲೆ ಮಾಡಿ ಹತ್ತಿದರೆ ಹಿಮ್ಮುಖವಾಗಿ ಮಗುಚಬಹುದು. ಎಡ–ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು, ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಗಿರಕಿ ಹೊಡೆಯುತ್ತದೆ. ಪಿಟಿಒ ದಂಡದ ಮೇಲಿನ ಹೊದಿಕೆ ಎಷ್ಟೋ ಗಾಡಿಗಳಲ್ಲಿ ಎಂದೋ ಮುರಿದು ಹೋಗಿರುತ್ತದೆ. ಸೀರೆಯ ಸೆರಗು, ಲುಂಗಿ, ಟವೆಲ್ಲಿನ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಹೊಸ ಹೊದಿಕೆ ಹಾಕಿಸದೆ ಯಂತ್ರ ಶುರು ಮಾಡಲೇಬಾರದು. ದಂಟು ಸಿಕ್ಕಿಕೊಂಡರೆ ಕತ್ತರಿಸುವ ಯಂತ್ರದ ರಿವರ್ಸ್ ಸನ್ನೆ ಬಳಸಬೇಕು. ಅದಕ್ಕೂ ಬರದಿದ್ದರೆ ಎಂಜಿನ್ ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು.

ತುಂಬುವ ಕೆಲಸ ಒಂದೆರಡು ದಿನದಲ್ಲಿ ಮುಗಿಯಬೇಕು. ನಡುವನ್ನು ಡುಬ್ಬದಂತೆ ಎತ್ತರಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ, ಮೇಲೆ ಮರಳಿನ ಚೀಲ ಇಲ್ಲವೇ ಹಳೆ ಟೈರು ಹೇರಬೇಕು. ಇಲಿ, ಕಾಗೆ ಮಾಡಿದ ತೂತು ಕಂಡ ಕೂಡಲೇ ಟೇಪು ಹಚ್ಚಬೇಕು. ತುಂಬಿದ ಮೊದಲ ಎರಡು–ಮೂರು ವಾರ ನೆಲದಡಿಯ ಗುಂಡಿಗೆ ಇಳಿಯಬಾರದು. ಆಗ ನೈಟ್ರೋಜನ್ ಡೈಆಕ್ಸೈಡ್ ಎಂಬ ಕಂದು ಹಳದಿಯ ವಿಷಗಾಳಿ, ಜೊತೆಗೆ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ನಿಲ್ಲುತ್ತವೆ. ರಾಗಿ ತುಂಬಿಡುವ ನೆಲದಡಿಯ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವ ವಾಡಿಕೆ ಹಿರಿಯರಿಗೆ ಗೊತ್ತು. ರಸಮೇವಿನ ವಿಷಗಾಳಿಯನ್ನು ಆ ದೀಪ ತೋರಿಸದು, ಆದ್ದರಿಂದ ಅದನ್ನು ನಂಬಿ ಇಳಿಯುವಂತಿಲ್ಲ.

45 ದಿನದ ಮೇಲೆ ಒಂದು ತುದಿಯಿಂದ ತೆರೆಯಬಹುದು. ಹಳದಿ ಮಿಶ್ರಿತ ಹಸಿರು ಬಣ್ಣ, ಹಣ್ಣಿನಂತೆ ಹುಳಿ ವಾಸನೆ ಇದ್ದರೆ ಕೆಲಸ ಚೆನ್ನಾಗಿ ಆಗಿದೆ. ದಿನವೂ ಮುಖದ ಉದ್ದಕ್ಕೂ ಕನಿಷ್ಠ 10–15 ಸೆಂಟಿಮೀಟರ್ ಕೆರೆದು ತೆಗೆದು, ಮತ್ತೆ ಮುಚ್ಚಬೇಕು. ಬೂಷ್ಟು ಹಿಡಿದ ಭಾಗವನ್ನು ತಿಪ್ಪೆಗೆ ಹಾಕಬೇಕು, ಗಬ್ಬದ ಹಸುವಿಗಂತೂ ಅದನ್ನು ಕೊಡಲೇಬಾರದು. ಮೊದಲ ದಿನ ಐದು ಕಿಲೋದಿಂದ ಶುರು ಮಾಡಿ ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಬೇಕು, ಜೊತೆಗೆ ಸ್ವಲ್ಪ ಒಣಹುಲ್ಲು ಇರಲಿ. ಹಾಲು ಕರೆಯುವ ಹೊತ್ತಿನಲ್ಲಿ ಕೊಟ್ಟರೆ ಅದರ ವಾಸನೆ ಹಾಲಿಗೆ ಹತ್ತುತ್ತದೆ; ಕರೆದು ಮುಗಿಸಿದ ಮೇಲೆ ಗೋದಲಿಗೆ ಹಾಕಬೇಕು.