ಸುದ್ದಿಮನೆಯಲ್ಲಿ ಹುಟ್ಟಿದ ಜಾಂಗೊ

ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ದೊಡ್ಡ ಊರೇನಲ್ಲ. ಅಲ್ಲಿನ ದಿನಪತ್ರಿಕೆ ‘ಲಾರೆನ್ಸ್ ಜರ್ನಲ್-ವರ್ಲ್ಡ್’ನ ವೆಬ್ ವಿಭಾಗದಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಕೆಲಸ ಮಾಡುತ್ತಿದ್ದರು. ಸಂಪಾದಕರು ಕೇಳಿದ ಪುಟ ಗಡುವಿನೊಳಗೆ ಸಿದ್ಧವಾಗಲೇಬೇಕು. ಹಾಗಾಗಿ ಮಾಹಿತಿ ಉಳಿಸುವುದು, ಫಾರ್ಮ್ ಪರಿಶೀಲಿಸುವುದು, ಲಾಗಿನ್ ಮುಂತಾಗಿ ಎಲ್ಲ ಜಾಲತಾಣಗಳಿಗೂ ಬೇಕಾಗುವ ಕೆಲಸಗಳನ್ನು ಪೈಥಾನ್ ಭಾಷೆಯಲ್ಲಿ ಒಮ್ಮೆಗೇ ಬರೆದಿಟ್ಟುಕೊಂಡರು. 2005ರ ಜುಲೈನಲ್ಲಿ ಅದು ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶವಾಯಿತು. ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರ ಹೆಸರನ್ನೇ ಅದಕ್ಕಿಟ್ಟರು. ಮುಂದೆ ಇನ್‌ಸ್ಟಾಗ್ರಾಂ ಕೂಡ ಇದರ ಮೇಲೆಯೇ ಎದ್ದಿತು. 2008ರಿಂದ ಜಾಂಗೊ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಇದರ ಬೆನ್ನಿಗಿದೆ.

ಇದನ್ನು ಬೆಳೆಸುತ್ತಿರುವ ಸ್ವಯಂಸೇವಕರ ಬಳಗಕ್ಕೆ ಕಾಲಿಡಲು ಮಹಾ ಪ್ರೋಗ್ರಾಮರ್ ಆಗಿರಬೇಕೆಂಬ ಅಳುಕು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳ. ಅಲ್ಲಿ ಹೆಚ್ಚು ಬೇಕಾಗಿರುವುದು ತಾಳ್ಮೆಯಿಂದ ಓದುವವರು. ಯಾರೋ ಒಬ್ಬರು ‘ಇದು ಕೆಲಸ ಮಾಡುತ್ತಿಲ್ಲ’ ಎಂದು ಟಿಕೆಟ್, ಅಂದರೆ ದೂರು, ತೆರೆದಿರುತ್ತಾರೆ. ಅದೇ ದೋಷ ತಮ್ಮ ಕಂಪ್ಯೂಟರಿನಲ್ಲೂ ಬರುತ್ತದೆಯೇ, ಯಾವ ಆವೃತ್ತಿಯಲ್ಲಿ ಬರುತ್ತದೆ, ಹಿಂದೆಯೇ ಯಾರಾದರೂ ಹೇಳಿದ್ದಾರೆಯೇ ಎಂದು ನೋಡಿ ಬರೆದರೆ ಅದೇ ದೊಡ್ಡ ಉಪಕಾರ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಹೊಸಬರಿಗೆ ಹೊಂದುವ ಸುಲಭದ ಟಿಕೆಟ್‌ಗಳಿಗೆ ಬೇರೆಯೇ ಗುರುತು ಇದೆ.

ದೋಷ ಸರಿಪಡಿಸಲು ಹೊರಟವರು ತಿದ್ದುಪಡಿಯನ್ನಷ್ಟೇ ಕೊಟ್ಟರೆ ಸಾಲದು. ತಿದ್ದುವ ಮುನ್ನ ಸೋತು, ತಿದ್ದಿದ ಮೇಲೆ ಗೆಲ್ಲುವ ಪರೀಕ್ಷೆಯನ್ನೂ ಜೊತೆಗೆ ಬರೆಯಬೇಕು. ಬಳಸುವವರಿಗೆ ಏನಾದರೂ ಬದಲಾದರೆ ದಾಖಲೆಯಲ್ಲೂ ಅದು ಬರಬೇಕು. ತಮ್ಮ ತಿದ್ದುಪಡಿಗೆ ‘ಸೇರಿಸಲು ಸಿದ್ಧ’ ಎಂಬ ಮುದ್ರೆಯನ್ನು ತಾವೇ ಒತ್ತುವಂತಿಲ್ಲ. ವರದಿಗಾರ ಬರೆದ ಸುದ್ದಿಯನ್ನು ಇನ್ನೊಬ್ಬರು ಓದದೆ ಅಚ್ಚಿಗೆ ಕಳಿಸದ ಹಾಗೆಯೇ ಇದು. ಜಾಂಗೊ ಇಷ್ಟು ವರ್ಷ ಗಟ್ಟಿಯಾಗಿ ನಿಂತಿರುವುದಕ್ಕೆ ಈ ಒಂದು ನಿಯಮದ ಪಾಲು ದೊಡ್ಡದೆಂದು ನನ್ನ ನಂಬಿಕೆ.

ಸ್ವಯಂಸೇವಕರು ನೌಕರಿ, ಸಂಸಾರದ ನಡುವೆ ಬಿಡುವು ಮಾಡಿಕೊಂಡು ಬರುವವರು. ಬಾಕಿ ಬೆಳೆಯಬಾರದೆಂದು ಫೌಂಡೇಶನ್ ದೇಣಿಗೆಯ ಹಣದಿಂದ ಸಂಬಳ ಕೊಟ್ಟು ‘ಫೆಲೋ’ಗಳನ್ನು ಇಟ್ಟುಕೊಂಡಿದೆ. ಇನ್ನೊಂದು ಹೆಜ್ಜೆಗೆ ಹೆಚ್ಚು ಧೈರ್ಯ ಬೇಕಿತ್ತು. 2020ರಲ್ಲಿ ‘ಕೋರ್ ಟೀಮ್’ ಎಂಬ ಒಳವಲಯವನ್ನೇ ವಿಸರ್ಜಿಸಿದರು. ಆ ತಂಡದಲ್ಲಿದ್ದ ಅನೇಕರು ದೂರ ಸರಿದಿದ್ದರು, ಆ ಬಿರುದೇ ಹೊಸಬರಿಗೆ ತಡೆಗೋಡೆಯಾಗಿತ್ತು. ಅಧಿಕಾರ ತಾನಾಗಿ ಕರಗುವುದು ಅಪರೂಪ. ಇಲ್ಲಿ ಅದು ನಡೆಯಿತು. ಹೊಸಬರನ್ನು ಕರೆತರುವ ಕೆಲಸವಂತೂ ಅದಕ್ಕೂ ಮೊದಲೇ ಶುರುವಾಗಿತ್ತು. 2014ರಲ್ಲಿ ಬರ್ಲಿನ್‌ನಲ್ಲಿ ಓಲಾ ಸಿಟಾರ್ಸ್ಕಾ ಮತ್ತು ಓಲಾ ಸೆಂಡೆಕಾ ಆರಂಭಿಸಿದ ‘ಜಾಂಗೊ ಗರ್ಲ್ಸ್’ ಕಾರ್ಯಾಗಾರಗಳು ಅದುವರೆಗೆ ಪ್ರೋಗ್ರಾಮಿಂಗ್ ಮುಟ್ಟಿರದ ಎಷ್ಟೋ ಹೆಣ್ಣುಮಕ್ಕಳಿಗೆ ಉಚಿತವಾಗಿ ಮೊದಲ ಜಾಲತಾಣ ಕಟ್ಟಿಸಿವೆ.

ಕನ್ನಡಿಗರಿಗೆಂದೇ ಇಲ್ಲೊಂದು ಕೆಲಸ ಕಾದಿದೆ. ಜಾಂಗೊದೊಳಗೆ ಕನ್ನಡದ ಅನುವಾದ ಕಡತವಿದೆ. ಹೊಸ ಆವೃತ್ತಿಗಳು ಹೊಸ ವಾಕ್ಯಗಳನ್ನು ತರುವುದರಿಂದ ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಇದಕ್ಕೆ ಪೈಥಾನ್ ಬೇಕಿಲ್ಲ, ಒಳ್ಳೆಯ ಕನ್ನಡ ಬೇಕು. ವಾಕ್ಯದ ನಡುವೆ ಹೆಸರು, ಸಂಖ್ಯೆ ಬಂದು ಕೂರಲು ಬಿಟ್ಟಿರುವ ಸಂಕೇತಗಳ ಒಂದು ಅಕ್ಷರವನ್ನೂ ಕೆಡಿಸಬಾರದು. ಆದರೆ ಹೆಸರಿರುವ ಸಂಕೇತಗಳನ್ನು ಕನ್ನಡದ ಪದಕ್ರಮಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸಬಹುದು. ಅನುವಾದವೆಲ್ಲ ನಡೆಯುವುದು ಟ್ರಾನ್ಸಿಫೆಕ್ಸ್ ತಾಣದಲ್ಲಿ. ಅಲ್ಲಿ ಖಾತೆ ತೆರೆದು, ಜಾಂಗೊದ ಕನ್ನಡ ತಂಡ ಸೇರಲು ಕೋರಿಕೆ ಕಳಿಸಿದರೆ ಕೆಲಸ ಶುರು ಮಾಡಬಹುದು.