ಅವಸರದ ಪಿಂಚಣಿ: ಹೆಂಡತಿಯ ಪಾಲಿಗೂ ಕತ್ತರಿ

ಬಾಗಲಗುಂಟೆ ಸುತ್ತಮುತ್ತಲಿನ ಬೇಸಾಯದ ಮನೆಗಳಲ್ಲಿ ಪೀಣ್ಯದ ಕಾರ್ಖಾನೆಗೆ ಹೋದವರು ಒಬ್ಬರಾದರೂ ಸಿಗುತ್ತಾರೆ. 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶ ಬಂತು, ಬರಬರುತ್ತ ರಾಗಿ ಹೊಲಗಳು ಸೈಟುಗಳಾದವು. ಗಂಡಸರು ಲೇತ್, ಪ್ರೆಸ್ ಕೆಲಸ ಹಿಡಿದರು. ಹೆಂಗಸರು ಗಾರ್ಮೆಂಟ್ಸಿಗೆ ಹೋದರು. ನೆಲಮಂಗಲ, ಮಾಗಡಿ, ತುಮಕೂರು ಕಡೆಯಿಂದ ಬಂದು ದುಡಿದು, ಮತ್ತೆ ಊರಿನ ಒಂದೆರಡು ಎಕರೆಗೆ ವಾಪಸಾದವರೂ ಬಹಳ.

ಇವರಿಗೆ ಪಿಎಫ್ ದುಡ್ಡಿನ ಜೊತೆಗೆ ತಿಂಗಳ ಪಿಂಚಣಿಯೂ ಉಂಟು. ಅದನ್ನು ಯಾವ ವಯಸ್ಸಿನಲ್ಲಿ ತಗೋಬೇಕು ಅನ್ನೋದನ್ನು ಸಾಮಾನ್ಯವಾಗಿ ಗಂಡ ಒಬ್ಬನೇ ತೀರ್ಮಾನ ಮಾಡ್ತಾನೆ. ಆದರೆ ಆ ತೀರ್ಮಾನದ ಫಲವನ್ನು ಅವನ ಕಾಲಾನಂತರ ಉಣ್ಣುವವಳು ಹೆಂಡತಿ.

ನಿಯಮ ಏನು?

ಕಾರ್ಮಿಕರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲಿನಲ್ಲಿ ಸಂಬಳದ ನೂರಕ್ಕೆ 8.33ರಷ್ಟು ಈ ಪಿಂಚಣಿ ನಿಧಿಗೆ ಹೋಗುತ್ತದೆ. ಒಟ್ಟು 10 ವರ್ಷ ಸೇವೆ ಆಗಿದ್ದರೆ 58ನೇ ವಯಸ್ಸಿಗೆ ಪೂರ್ತಿ ಪಿಂಚಣಿ.

ಕೆಲಸ ಬಿಟ್ಟವರು ಬೇಕಾದರೆ 50ರಿಂದಲೇ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ತಲಾ ನೂರಕ್ಕೆ 4ರಂತೆ ಕಡಿತ. 2008ಕ್ಕೆ ಮುಂಚೆ ಇದು 3 ಇತ್ತು. ಒಂದು ಮಾತು ಗಟ್ಟಿಯಾಗಿ ನೆನಪಿಡಿ: 58 ತುಂಬಿದಾಗ ಈ ಕಡಿತ ಸರಿಹೋಗುವುದಿಲ್ಲ. ಜೀವಮಾನಪೂರ್ತಿ ಹಾಗೇ. ಹಾಲುತೆನೆಯಲ್ಲಿ ಕೊಯ್ದ ರಾಗಿ ಕಣದಲ್ಲಿ ಬಲಿಯುತ್ತದೆಯೆ?

ಇದಕ್ಕೆ ಎದುರಾಗಿ, 58 ಆದಮೇಲೂ ತಗೊಳ್ಳದೆ 60ರವರೆಗೆ ಕಾದರೆ ವರ್ಷಕ್ಕೆ ನೂರಕ್ಕೆ 4 ಹೆಚ್ಚು. ಈ ಅವಕಾಶ ಬಂದದ್ದು 2016ರಲ್ಲಿ.

ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ, ಸಾಯುವ ದಿನ ಅವರಿಗೆ ಬರುತ್ತಿದ್ದ ಮೊತ್ತದ ಅರ್ಧ ಹೆಂಡತಿಗೆ. ಹೆಂಡತಿ ಪಿಂಚಣಿದಾರಳಾಗಿದ್ದರೆ ಗಂಡನಿಗೂ ಇದೇ ಲೆಕ್ಕ. ಆಕೆ ಮರುಮದುವೆ ಆಗದಿದ್ದರೆ ಕೊನೆಯವರೆಗೂ ಬರುತ್ತದೆ. ಈ ಅರ್ಧ ಅನ್ನೋದು ಕಡಿತ ಆದಮೇಲಿನ ಮೊತ್ತದ ಅರ್ಧ. ಗಂಡಾಂತರ ಇರೋದು ಇಲ್ಲಿ.

ಲೆಕ್ಕ ಹಾಕಿ ನೋಡೋಣ

58ಕ್ಕೆ 4,000 ರೂಪಾಯಿ ಬರಬೇಕಾದ ಒಬ್ಬರನ್ನು ತಗೊಳ್ಳಿ. ಸುಮಾರಾಗಿ ಹೀಗಾಗುತ್ತದೆ:

50ಕ್ಕೆ ತಗೊಂಡರೆ ಅವರಿಗೆ 2,800, ಮುಂದೆ ಹೆಂಡತಿಗೆ 1,400.
55ಕ್ಕೆ ತಗೊಂಡರೆ 3,500, ಹೆಂಡತಿಗೆ 1,750.
58ಕ್ಕೆ ತಗೊಂಡರೆ 4,000, ಹೆಂಡತಿಗೆ 2,000.
60ಕ್ಕೆ ತಗೊಂಡರೆ 4,300, ಹೆಂಡತಿಗೆ 2,150.

'ಬೇಗ ತಗೊಂಡರೆ ಅಷ್ಟು ವರ್ಷ ಜಾಸ್ತಿ ಬರುತ್ತಲ್ಲ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. 55ಕ್ಕೆ ತಗೊಂಡವರಿಗೆ 58ರ ಹೊತ್ತಿಗೆ 1,26,000 ರೂಪಾಯಿ ಕೈಸೇರಿರುತ್ತದೆ. ಆಮೇಲೆ ತಿಂಗಳಿಗೆ 500 ನಷ್ಟ. ಆ ನಷ್ಟ 1,26,000 ಆಗಲು 21 ವರ್ಷ ಬೇಕು. ಅಂದರೆ 79 ವರ್ಷ ಬದುಕಿದರೆ ಸಮ-ಸಮ.

ಬರೀ ಒಟ್ಟು ಮೊತ್ತ ನೋಡಿದರೆ ಬೇಗ ತಗೊಂಡದ್ದು ದಡ್ಡತನ ಅನ್ನಲಾಗದು. ಆದರೆ ಆ ದುಡ್ಡು ಯಾರ ಕೈಗೆ, ಯಾವಾಗ ಬಂತು ಅಂತ ನೋಡಿ. 55ರಲ್ಲಿ ಬಂದದ್ದು ಗಂಡನ ಕೈಗೆ, ಇನ್ನೂ ನೇಗಿಲು ಹಿಡಿಯುವ ಶಕ್ತಿ ಇರುವಾಗ. ಕಡಿಮೆ ಬೀಳುವುದು ಹೆಂಡತಿಗೆ, ಒಬ್ಬಳೇ ಉಳಿದಾಗ, ಕಳೆ ಕೀಳಲೂ ಆಗದ ವಯಸ್ಸಿನಲ್ಲಿ. ನಮ್ಮಲ್ಲಿ ಹೆಂಡತಿ ಸಾಮಾನ್ಯವಾಗಿ ನಾಲ್ಕಾರು ವರ್ಷ ಚಿಕ್ಕವಳು. ಹೆಂಗಸರ ಆಯಸ್ಸೂ ತುಸು ಹೆಚ್ಚು. ಹಾಗಾಗಿ ಕೊನೆಗೆ ಉಳಿಯುವವಳು ಅವಳೇ ಅಂತ ಲೆಕ್ಕ ಹಾಕುವುದು ಕ್ಷೇಮ.

ಹಾಗಂತ ಎಲ್ಲರೂ ಕಾಯಲೇಬೇಕು ಅಂತಲ್ಲ. ವಾಸಿಯಾಗದ ಕಾಯಿಲೆ ಇದ್ದರೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಲೆ ಮೇಲಿದ್ದರೆ ಬೇಗ ತಗೊಳ್ಳುವುದೇ ಸರಿ ಇರಬಹುದು. ಇನ್ನೊಂದು ಬೋರ್‌ವೆಲ್ ಕೊರೆಸೋಣ ಅನ್ನೋದಕ್ಕಾದರೆ ಎರಡು ಸಲ ಯೋಚಿಸಿ.

ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಲೆಕ್ಕ ಬೇರೆ. ಅಲ್ಲಿ 10 ವರ್ಷದ ಷರತ್ತಿಲ್ಲ, ಹೆಂಡತಿಗೆ ಅರ್ಧ ಅನ್ನೋದೂ ಇಲ್ಲ. ಆ ದಿನ ನಿವೃತ್ತರಾಗಿದ್ದರೆ ಎಷ್ಟು ಬರುತ್ತಿತ್ತೋ ಕನಿಷ್ಠ ಅಷ್ಟು ಸಿಗುತ್ತದೆ.

ಆಕೆಯೂ ದುಡಿದಿದ್ದರೆ

ಗಾರ್ಮೆಂಟ್ಸಿನಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಸ್ವಂತ ಪಿಂಚಣಿಯ ಹಕ್ಕಿದೆ. ಅದು ಬೇರೆ, ಗಂಡನಿಂದ ಬರುವ ವಿಧವಾ ಪಿಂಚಣಿ ಬೇರೆ. ಒಂದಿದೆ ಅಂತ ಇನ್ನೊಂದನ್ನು ಬಿಡಬೇಕಿಲ್ಲ. ತೊಂದರೆ ಏನೆಂದರೆ ಹಲವರು ಐದಾರು ವರ್ಷಕ್ಕೆ ಕೆಲಸ ಬಿಟ್ಟು ಪಿಂಚಣಿಯ ದುಡ್ಡನ್ನೂ ಒಟ್ಟಿಗೆ ಹಿಂದಕ್ಕೆ ಪಡೆಯುತ್ತಾರೆ. ಅಲ್ಲಿಗೆ ಆ ಸೇವೆ ಸೊನ್ನೆ. ಬದಲಿಗೆ ಸ್ಕೀಮ್ ಸರ್ಟಿಫಿಕೇಟ್ ತಗೊಂಡರೆ ಮುಂದೆ ಬೇರೆ ಕಾರ್ಖಾನೆ ಸೇರಿದಾಗ ಹಳೆಯ ವರ್ಷಗಳೂ ಕೂಡಿ 10 ಆಗಬಹುದು.

ದುಡ್ಡಿನ ಅಡಚಣೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ, 58ರ ತನಕ ಪಿಎಫ್‌ನ ಮಾಲೀಕರ ಪಾಲು ತೆಗೆಯಬಾರದೆಂಬ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂದೆಗೆಯುವಂತೆ ಮಾಡಿದರು. ಪಿಎಫ್ ದುಡ್ಡನ್ನು ಕಷ್ಟಕ್ಕೆ ಬಳಸಿ. ಪಿಂಚಣಿಯ ಸೇವೆಯನ್ನು ಮಾತ್ರ ಆದಷ್ಟು ಮುಟ್ಟಬೇಡಿ.

ನೌಕರಿಯೇ ಇಲ್ಲದವರಿಗೆ

ಬರೀ ಬೇಸಾಯದ ಮನೆಗೆ 2019ರಲ್ಲಿ ಬಂದ ಕಿಸಾನ್ ಮಾನ್‌ಧನ್ ಯೋಜನೆ ಇದೆ. ಇದು 2 ಹೆಕ್ಟೇರ್ ಒಳಗಿನ, ಪಿಎಫ್‌ನಂಥ ಬೇರೆ ಯೋಜನೆಯಲ್ಲಿಲ್ಲದ ರೈತರಿಗೆ. ಇಲ್ಲಿ ಮುಖ್ಯ ಸೇರುವ ವಯಸ್ಸು. 18ಕ್ಕೆ ಸೇರಿದರೆ ತಿಂಗಳಿಗೆ 55 ರೂಪಾಯಿ, 29ಕ್ಕೆ 100, 40ಕ್ಕೆ 200. ಆಮೇಲೆ ಬಾಗಿಲು ಮುಚ್ಚಿತು. 60ರಿಂದ ತಿಂಗಳಿಗೆ 3,000. ಪಿಂಚಣಿದಾರ ತೀರಿದರೆ ಜೊತೆಗಾರರಿಗೆ 1,500, ಅದೂ ಅವರು ಇದೇ ಯೋಜನೆಯಲ್ಲಿ ಇರದಿದ್ದರೆ ಮಾತ್ರ. ಇಬ್ಬರೂ ಸೇರಿದ್ದರೆ ಇಬ್ಬರಿಗೂ ತಲಾ 3,000. ಗಂಡ ಹೋದಮೇಲೂ ಆಕೆಗೆ ತನ್ನ 3,000 ಪೂರ್ತಿ ಇರುತ್ತದೆ.

ಸಹಿಗೆ ಮುಂಚೆ

ಪಿಎಫ್ ಪಿಂಚಣಿಗೆ ಹಾಕುವ ಅರ್ಜಿ ಫಾರಂ 10-ಡಿ. ಅದಕ್ಕೆ ಗಂಡ-ಹೆಂಡತಿ ಜೊತೆಗಿರುವ ಫೋಟೋ ಬೇಕು. ಫೋಟೋಕ್ಕೆ ಇಬ್ಬರು ಕೂರುವ ಹಾಗೆ ಲೆಕ್ಕಕ್ಕೂ ಇಬ್ಬರು ಕೂತರೆ ಒಳ್ಳೆಯದು. ಹೆಂಡತಿಯ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿದ್ದಂತೆ ಪಿಎಫ್ ದಾಖಲೆಯಲ್ಲೂ ಇದೆಯೇ ನೋಡಿ. ಪಿಂಚಣಿ ಆದೇಶದ ನಂಬರು ಆಕೆಗೂ ಗೊತ್ತಿರಲಿ, ಕಾಗದ ಆಕೆಯ ಕೈಗೆ ಸಿಗುವ ಕಡೆ ಇರಲಿ. ಮುಂದೊಂದು ದಿನ ಪಿಎಫ್ ಕಚೇರಿಯ ಕಿಟಕಿ ಮುಂದೆ ನಿಲ್ಲಬೇಕಾದವಳು ಅವಳು.